ಮನೆ ಕಟ್ಟುವ ಸಾಮಗ್ರಿ ಆರಿಸುವುದು ಹೇಗೆ? ಪಾಯದಿಂದ ಬಣ್ಣದವರೆಗೆ ಸಮಗ್ರ ಮಾರ್ಗದರ್ಶಿ

ಮನೆ ಕಟ್ಟಲು ಹೊರಟವರು ಅತಿ ಹೆಚ್ಚು ಹೊತ್ತು ಕಳೆಯುವುದು ಟೈಲ್ಸ್ ಅಂಗಡಿಯಲ್ಲಿ. ಕಂಬಿ, ಸಿಮೆಂಟು, ಮರಳಿನ ಮಾತು ಬಂದರೆ ‘ಅದೆಲ್ಲ ಮೇಸ್ತ್ರಿ ನೋಡ್ಕೋತಾರೆ’ ಅಂತ ಬಿಟ್ಟುಬಿಡುತ್ತಾರೆ. ಆಗಬೇಕಾದದ್ದು ಇದರ ಉಲ್ಟಾ. ಟೈಲ್ಸ್ ಬೇಜಾರಾದರೆ ಹತ್ತು ವರ್ಷದ ಮೇಲೆ ಕಿತ್ತು ಬೇರೆ ಹಾಕಿಸಬಹುದು. ಕಾಲಂ ಒಳಗೆ ಹೋದ ಕಂಬಿಯನ್ನು ಬದಲಾಯಿಸಲು ಆಗುವುದಿಲ್ಲ.

ಈ ಬರಹದುದ್ದಕ್ಕೂ ನಾನು ಹಿಡಿದಿರುವ ನಿಯಮ ಒಂದೇ: ಕಾಂಕ್ರೀಟು, ಗೋಡೆ, ನೆಲದ ಒಳಗೆ ಮುಚ್ಚಿಹೋಗುವ ವಸ್ತುವಿಗೆ ಮೊದಲ ಹಣ, ಮೊದಲ ಗಮನ. ಕಣ್ಣಿಗೆ ಕಾಣುವುದಕ್ಕೆ ಆಮೇಲೆ. ಉದಾಹರಣೆಗೆ ಬೆಂಗಳೂರು, ಮೈಸೂರು, ತುಮಕೂರಿನ ಕಡೆ 30x40 ಸೈಟಿನಲ್ಲಿ ಕಟ್ಟುವ ಎರಡು ಅಂತಸ್ತಿನ ಮನೆಯನ್ನು ಇಟ್ಟುಕೊಂಡಿದ್ದೇನೆ. ಕರಾವಳಿಯಲ್ಲಿ ಲೆಕ್ಕ ಬೇರೆ ಆಗುವ ಕಡೆ ಅದನ್ನೂ ಹೇಳುತ್ತೇನೆ.

ಹಂತ 1: ಅಂಗಡಿಗೆ ಹೋಗುವ ಮೊದಲು ಎರಡು ಪಟ್ಟಿ

ಒಂದು ನೋಟ್‌ಬುಕ್ ತಗೊಳ್ಳಿ. ಒಂದು ಪುಟದಲ್ಲಿ ಮುಚ್ಚಿಹೋಗುವ ವಸ್ತುಗಳನ್ನು ಬರೆಯಿರಿ: ಕಂಬಿ, ಸಿಮೆಂಟು, ಮರಳು, ಜಲ್ಲಿ, ಇಟ್ಟಿಗೆ ಅಥವಾ ಬ್ಲಾಕು, ನೀರಿನ ಪೈಪು, ವೈರು, ಬಾತ್‌ರೂಮಿನ ವಾಟರ್‌ಪ್ರೂಫಿಂಗು. ಇನ್ನೊಂದರಲ್ಲಿ ಹೊರಗೆ ಕಾಣುವವು: ಟೈಲ್ಸ್, ನಲ್ಲಿ, ಸ್ವಿಚ್ಚು, ಬಣ್ಣ, ದೀಪ. ಬಜೆಟ್ ಮೀರಿದಾಗ ಕತ್ತರಿ ಬೀಳಬೇಕಾದ್ದು ಎರಡನೆಯ ಪಟ್ಟಿಗೆ ಮಾತ್ರ.

ಆಮೇಲೆ ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ನಕ್ಷೆ ಮಾಡಿಸಿ. ಯಾವ ಗ್ರೇಡಿನ ಕಾಂಕ್ರೀಟು, ಎಷ್ಟು ಎಂಎಂ ಕಂಬಿ, ಎಷ್ಟು ಅಂತರ ಎನ್ನುವುದೆಲ್ಲ ಅದರಲ್ಲೇ ಇರುತ್ತದೆ. ‘ಒಂದು ಸೈಜ್ ದಪ್ಪ ಹಾಕಿಬಿಡೋಣ ಸಾರ್, ಗಟ್ಟಿ ಇರ್ಲಿ’ ಅನ್ನುವ ಮಾತಿಗೆ ಒಪ್ಪಬೇಡಿ. ‘ಅಷ್ಟೆಲ್ಲ ಯಾಕೆ’ ಅನ್ನುವ ಮಾತಿಗಂತೂ ಬೇಡವೇ ಬೇಡ.

ಹಂತ 2: ಕಂಬಿ

ಟಿಎಂಟಿ, ಅಂದರೆ ಕಾಂಕ್ರೀಟಿಗೆ ಹಾಕುವ ಉಬ್ಬುಗೆರೆಯ ಉಕ್ಕಿನ ಕಂಬಿಯ ಮೇಲೆ ಎಫ್‌ಇ 500, ಎಫ್‌ಇ 500ಡಿ, ಎಫ್‌ಇ 550ಡಿ ಎಂದೆಲ್ಲ ಬರೆದಿರುತ್ತದೆ. ಅಂಕಿ ಹೇಳುವುದು ಬಲ. ಆ ‘ಡಿ’ ಹೇಳುವುದು ತುಂಡಾಗುವ ಮೊದಲು ಕಂಬಿ ಎಷ್ಟು ಹಿಗ್ಗುತ್ತದೆ ಎಂದು. ಕಂಬಿಯ ಭಾರತೀಯ ಮಾನಕವಾದ (ಐಎಸ್) ಐಎಸ್ 1786 ಪ್ರಕಾರ ಎಫ್‌ಇ 500 ಕನಿಷ್ಠ ಶೇ 12 ಹಿಗ್ಗಬೇಕು, 500ಡಿ ಕನಿಷ್ಠ ಶೇ 16. ಹೆಚ್ಚು ಹಿಗ್ಗುವ ಕಂಬಿ ಭೂಕಂಪದಲ್ಲೋ ಅತಿ ಭಾರಕ್ಕೋ ತಕ್ಷಣ ತುಂಡಾಗದೆ ಬಾಗುತ್ತದೆ. ಒಳಗಿರುವವರಿಗೆ ಹೊರಗೆ ಬರಲು ಸಮಯ ಸಿಗುತ್ತದೆ. ಮನೆಗೆ 500ಡಿ ಕೇಳಿ ತಗೊಳ್ಳಿ. ಅಂಕಿ ದೊಡ್ಡದಾದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ.

ಕಂಬಿಯನ್ನು ತೂಕದಲ್ಲಿ ಪರೀಕ್ಷಿಸುವುದು ಬಹಳ ಸುಲಭ. ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಸಿಗುತ್ತದೆ. 12 ಎಂಎಂ ಕಂಬಿಗೆ 144 ಭಾಗಿಸು 162, ಅಂದರೆ 888 ಗ್ರಾಂ. 8 ಎಂಎಂಗೆ 395 ಗ್ರಾಂ, 10 ಎಂಎಂಗೆ 617, 16 ಎಂಎಂಗೆ 1.58 ಕಿಲೋ. ಲೋಡು ಇಳಿದ ದಿನ ಬಾರ್ ಬೆಂಡರ್‌ಗೆ ಹೇಳಿ ಸರಿಯಾಗಿ ಒಂದು ಮೀಟರ್ ತುಂಡು ಕತ್ತರಿಸಿಸಿ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲೇ ತೂಗಿ. 12 ಎಂಎಂ ತುಂಡು ಹೆಚ್ಚೆಂದರೆ ಶೇ 6 ಕಡಿಮೆ ಇರಬಹುದು, ಅಂದರೆ ಸುಮಾರು 835 ಗ್ರಾಂವರೆಗೆ. 8 ಎಂಎಂಗೆ ಶೇ 8ರವರೆಗೆ ವಿನಾಯಿತಿ ಇದೆ, ಸುಮಾರು 363 ಗ್ರಾಂ. ಅದಕ್ಕಿಂತ ಕೆಳಗಿದ್ದರೆ ಲೋಡು ವಾಪಸ್ ಕಳಿಸಿ. ಕಂಬಿಯನ್ನು ಲೆಕ್ಕದಲ್ಲಿ, ಅಂದರೆ ಒಂದೊಂದು ಕಂಬಿಗೆ ಇಷ್ಟು ಎಂದು ಮಾರುವ ಕಡೆ ಈ ಪರೀಕ್ಷೆ ಇನ್ನೂ ಮುಖ್ಯ. ಅಲ್ಲಿ ಸಣಕಲು ಕಂಬಿ ಬಂದರೆ ದುಡ್ಡೂ ಹೋಯಿತು, ಬಲವೂ ಹೋಯಿತು.

ತೆಳ್ಳಗೆ ಕಂದು ಬಣ್ಣ ಬಂದಿದ್ದರೆ ಹೆದರಬೇಕಿಲ್ಲ. ಉಜ್ಜಿದರೆ ಚಕ್ಕೆಚಕ್ಕೆಯಾಗಿ ಉದುರುವ ತುಕ್ಕು ಬೇಡ.

ಕಂಬಿಯ ಜೊತೆಗೇ ಇನ್ನೊಂದು ಸಣ್ಣ ವಸ್ತು ತರಿಸಿ: ಕವರ್ ಬ್ಲಾಕ್, ಅಂದರೆ ಕಂಬಿಯನ್ನು ಎತ್ತಿ ಹಿಡಿಯುವ ಪುಟ್ಟ ತುಂಡು. ಮೋಲ್ಡ್ ಹಾಕುವಾಗ ಕಂಬಿಯ ಕೆಳಗೆ ಜಲ್ಲಿ ಚೂರು ಸಿಕ್ಕಿಸುವುದು ಎಲ್ಲ ಕಡೆ ಅಭ್ಯಾಸ. ಕಾಂಕ್ರೀಟು ಸುರಿದು ತುಳಿಯುವಾಗ ಆ ಚೂರು ಜಾರುತ್ತದೆ, ಕಂಬಿ ಕೆಳಗೆ ಆಸರೆಗೆ ಹಾಕಿದ ಸೆಂಟ್ರಿಂಗ್ ಶೀಟಿಗೆ ತಾಗುತ್ತದೆ. ಎಷ್ಟೋ ಹಳೇ ಮನೆಗಳಲ್ಲಿ ಸೀಲಿಂಗಿನಿಂದ ಕಾಂಕ್ರೀಟು ಉದುರಿ ತುಕ್ಕು ಹಿಡಿದ ಕಂಬಿ ಕಾಣುವುದು ಇದರಿಂದಲೇ. ಸ್ಲ್ಯಾಬಿಗೆ 20 ಎಂಎಂ, ಕಾಲಂಗೆ 40, ಪಾಯದ ಫುಟಿಂಗಿಗೆ 50 ಎಂಎಂ ಕವರ್, ಅಂದರೆ ಕಂಬಿಯ ಹೊರಗೆ ಅಷ್ಟು ದಪ್ಪ ಕಾಂಕ್ರೀಟು ಬೇಕು. ಮನೆಯ ಒಟ್ಟು ಖರ್ಚಿನ ಮುಂದೆ ಕವರ್ ಬ್ಲಾಕಿನ ಖರ್ಚು ಬಹಳ ಸಣ್ಣದು. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಕವರ್ ಇನ್ನೂ ಹೆಚ್ಚು ಬೇಕು. ಎಷ್ಟು ಎಂದು ಎಂಜಿನಿಯರ್ ಹತ್ತಿರ ಬರೆಸಿಕೊಳ್ಳಿ.

ಹಂತ 3: ಸಿಮೆಂಟು

ಒಪಿಸಿ (ಬೆರಕೆ ಇಲ್ಲದ ಸಾದಾ ಸಿಮೆಂಟು) 53 ಅಂದರೆ ‘ಸ್ಟ್ರಾಂಗು’, ಪಿಪಿಸಿ ಅಂದರೆ ‘ಪ್ಲಾಸ್ಟರಿಗೆ ಮಾತ್ರ’ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಅದು ಅರ್ಧ ಸತ್ಯ. 53 ಎನ್ನುವುದು 28ನೇ ದಿನದ ಬಲದ ಅಂಕಿ. ಪಿಪಿಸಿಯಲ್ಲಿ ಹಾರುಬೂದಿ ಇರುವುದರಿಂದ ಬಲ ನಿಧಾನವಾಗಿ ಏರುತ್ತದೆ, ಆದರೆ ತಿಂಗಳುಗಟ್ಟಲೆ ಏರುತ್ತಲೇ ಇರುತ್ತದೆ. ಗಟ್ಟಿಯಾಗುವಾಗ ಬಿಸಿ ಕಡಿಮೆ, ಹಾಗಾಗಿ ಬಿರುಕೂ ಕಡಿಮೆ. ಹೊಸ ಕಾಂಕ್ರೀಟಿಗೆ ಸರಿಯಾಗಿ ನೀರು ಕುಡಿಸಿದರೆ ಮುಂದೆ ಅದರೊಳಗೆ ನೀರು ಇಳಿಯುವುದೂ ಕಡಿಮೆ. ಎರಡು ಅಂತಸ್ತಿನ ಮನೆಗೆ ಪಾಯದಿಂದ ಪ್ಲಾಸ್ಟರಿನವರೆಗೆ ಪಿಪಿಸಿ ಸಾಕು ಎಂಬುದು ನನ್ನ ಅಭಿಪ್ರಾಯ. ಕರಾವಳಿಯಲ್ಲಿ ಪಿಎಸ್‌ಸಿ, ಅಂದರೆ ಕಬ್ಬಿಣದ ಕಾರ್ಖಾನೆಯ ಸ್ಲ್ಯಾಗ್ ಬೆರೆಸಿದ ಸಿಮೆಂಟು, ಇನ್ನೂ ಒಳ್ಳೆಯದು. ಉಪ್ಪನ್ನು ತಡೆಯುವ ಶಕ್ತಿ ಅದಕ್ಕೆ ಹೆಚ್ಚು.

ಆದರೆ ಪಿಪಿಸಿ ಹಾಕಿ ಮೂರೇ ದಿನಕ್ಕೆ ನೀರು ಹಾಕುವುದು ನಿಲ್ಲಿಸಿದರೆ ಎಲ್ಲ ವ್ಯರ್ಥ. ಐಎಸ್ 456 ಒಪಿಸಿಗೆ ಕನಿಷ್ಠ 7 ದಿನ, ಪಿಪಿಸಿಯಂಥ ಬೆರಕೆ ಸಿಮೆಂಟಿಗೆ 10 ದಿನ ಕ್ಯೂರಿಂಗ್ (ನೀರು ಕುಡಿಸುವುದು) ಹೇಳುತ್ತದೆ. ಒಣ ಬಿಸಿಲಿನ ಕಡೆ 14 ದಿನ. ಕಲಬುರಗಿ, ರಾಯಚೂರು, ಬಳ್ಳಾರಿಯವರು ಈ 14ನ್ನೇ ಹಿಡಿಯಿರಿ. ಸೆಂಟ್ರಿಂಗ್ ಬಿಚ್ಚಲೂ ಆತುರ ಬೇಡ.

ಚೀಲದ ಮೇಲೆ ತಯಾರಾದ ವಾರ ಅಥವಾ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಮೂರು ತಿಂಗಳು ದಾಟಿದ ಸಿಮೆಂಟು ಬೇಡ. ಇಟ್ಟಲ್ಲೇ ಅದರ ಬಲ ಇಳಿಯುತ್ತಾ ಹೋಗುತ್ತದೆ, ಮಳೆಗಾಲದಲ್ಲಿ ಇನ್ನೂ ಬೇಗ. ಕೈ ಹಾಕಿದರೆ ಒಳಗೆ ತಂಪೆನಿಸಬೇಕು, ಗಂಟು ಸಿಗಬಾರದು. ಹಲಗೆಯ ಮೇಲೆ, ಗೋಡೆಗೆ ತಾಗದಂತೆ, ಹತ್ತು ಚೀಲಕ್ಕಿಂತ ಎತ್ತರ ಪೇರಿಸದೆ ಇಡಿ. ಒಂದೇ ಸಲ ಇನ್ನೂರು ಚೀಲ ಇಳಿಸಿದರೆ ಎರಡು ರೂಪಾಯಿ ಕಡಿಮೆ ಸಿಗುತ್ತದೆ ಎಂಬ ಆಸೆಗೆ ಬೀಳಬೇಡಿ.

ಹಂತ 4: ಮರಳು, ಜಲ್ಲಿ, ನೀರು

ಹೊಳೆ ಮರಳು ಈಗ ದುಬಾರಿ, ಸಿಕ್ಕರೂ ಎಲ್ಲಿಂದ ಬಂತು ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಎಂ-ಸ್ಯಾಂಡ್, ಅಂದರೆ ಕಲ್ಲು ಒಡೆದು ಮಾಡಿದ ಮರಳಿನ ಬಗ್ಗೆ ಅನುಮಾನ ಬೇಡ. 2016ರಲ್ಲಿ ಪರಿಷ್ಕರಿಸಿದ ಐಎಸ್ 383 ಅದನ್ನು ಕಾಂಕ್ರೀಟಿಗೆ ಒಪ್ಪಿದೆ. ಅನುಮಾನ ಪಡಬೇಕಾದ್ದು ಎಂ-ಸ್ಯಾಂಡ್ ಹೆಸರಲ್ಲಿ ಬರುವ ಕ್ರಷರ್ ಪುಡಿಯ ಬಗ್ಗೆ. ಕ್ವಾರಿಯಲ್ಲಿ ಜಲ್ಲಿ ಒಡೆದಾಗ ಉಳಿಯುವ ಪುಡಿ ಅದು. ಕಾಳುಗಳು ಚಪ್ಪಟೆ, ಹಿಟ್ಟು ಜಾಸ್ತಿ. ಹಿಟ್ಟು ಜಾಸ್ತಿಯಾದಷ್ಟೂ ಕಲಸಲು ನೀರು ಹೆಚ್ಚು ಬೇಕು, ನೀರು ಹೆಚ್ಚಾದಷ್ಟೂ ಕಾಂಕ್ರೀಟು ದುರ್ಬಲ.

ಪತ್ತೆ ಹಚ್ಚುವುದು ಹೀಗೆ. ಪಾರದರ್ಶಕ ಬಾಟಲಿಯಲ್ಲಿ ಅರ್ಧ ಮರಳು ತುಂಬಿ, ಮುಕ್ಕಾಲಿನವರೆಗೆ ನೀರು ಹಾಕಿ, ಒಂದು ಚಿಟಿಕೆ ಉಪ್ಪು ಸೇರಿಸಿ, ಚೆನ್ನಾಗಿ ಕುಲುಕಿ ಮೂರು ಗಂಟೆ ಅಲುಗಾಡಿಸದೆ ಇಡಿ. ಕೆಳಗೆ ಕಾಳು, ಅದರ ಮೇಲೆ ನುಣ್ಣನೆಯ ಪದರ ಕೂರುತ್ತದೆ. ಹೊಳೆ ಮರಳಾದರೆ ಆ ಪದರ ಮರಳಿನ ಎತ್ತರದ ಶೇ 8 ಮೀರಬಾರದು, ಏಕೆಂದರೆ ಅದು ಮಣ್ಣು. ಎಂ-ಸ್ಯಾಂಡಿನಲ್ಲಿ ಆ ಪದರ ಹೆಚ್ಚಾಗಿ ಕಲ್ಲಿನ ಹಿಟ್ಟು. ಕಾಂಕ್ರೀಟಿನ ಎಂ-ಸ್ಯಾಂಡಿನಲ್ಲಿ 75 ಮೈಕ್ರಾನಿಗಿಂತ ನುಣ್ಣಗಿನ ಪುಡಿ ತೂಕದಲ್ಲಿ ಶೇ 15ರವರೆಗೆ ಇರಬಹುದು. ಹಾಗಾಗಿ ಇಲ್ಲಿ ಬಣ್ಣವನ್ನೂ ನೋಡಿ. ಒದ್ದೆ ಅಂಗೈಯಲ್ಲಿ ಉಜ್ಜಿದಾಗ ಬೂದು ಬಣ್ಣ ಅಂಟಿ, ತೊಳೆದರೆ ಹೋದರೆ ಸರಿ. ಕೆಂಪು ಮಣ್ಣಿನ ಕಲೆ ಉಳಿದರೆ ಆ ಲೋಡು ಬೇಡ.

ಪ್ಲಾಸ್ಟರಿಗೆ ಅದಕ್ಕೆಂದೇ ಮಾಡಿದ ನುಣ್ಣನೆಯ ಪಿ-ಸ್ಯಾಂಡ್ ಬೇರೆ ತರಿಸಿ. ಎಂ-ಸ್ಯಾಂಡನ್ನೇ ಜರಡಿ ಹಿಡಿಯುತ್ತೇನೆ ಎನ್ನುವ ಮೇಸ್ತ್ರಿ ಅರ್ಧ ದಿನ ಹಿಡಿದು ಆಮೇಲೆ ಬಿಡುತ್ತಾರೆ. ಸ್ಲ್ಯಾಬು, ಬೀಮು, ಕಾಲಂಗೆ 20 ಎಂಎಂ ಜಲ್ಲಿ. ಎಲ್ಲ ಬದಿಯೂ ಹೆಚ್ಚುಕಡಿಮೆ ಸಮನಾಗಿರಬೇಕು, ಚಪ್ಪಟೆ ಚಕ್ಕೆ ಜಾಸ್ತಿ ಇದ್ದರೆ ಬೇಡ.

ನೀರು ಕೂಡ ಒಂದು ಸಾಮಗ್ರಿಯೇ, ಅಲ್ವಾ? ಬೋರ್‌ವೆಲ್ ನೀರನ್ನು ಒಮ್ಮೆ ಲ್ಯಾಬಿಗೆ ಕೊಡಿ. ಕಂಬಿ ಹಾಕುವ ಕಾಂಕ್ರೀಟಿಗೆ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು, ಪಿಎಚ್ 6ಕ್ಕಿಂತ ಕೆಳಗೆ ಇರಬಾರದು. ಒಂದು ಚೀಲ ಸಿಮೆಂಟಿಗೆ 25ರಿಂದ 27 ಲೀಟರ್ ನೀರು ಸಾಕು. ಪೈಪು ಹಿಡಿದು ಅಂದಾಜಿಗೆ ಬಿಡುವುದನ್ನು ನಿಲ್ಲಿಸಿ, ಅಳತೆಯ ಬಕೆಟ್ ಕೊಡಿ. ಮರಳು ಒದ್ದೆ ಇದ್ದರೆ ಈ ನೀರನ್ನು ಇನ್ನೂ ಇಳಿಸಬೇಕು.

ಹಂತ 5: ಗೋಡೆ

ಇಲ್ಲಿ ಆಯ್ಕೆ ಜಾಸ್ತಿ. ನಿಮ್ಮ ಊರಿನ ಸುತ್ತ ಏನು ಸಿಗುತ್ತದೆ ಎಂಬುದರಿಂದಲೇ ಶುರು ಮಾಡಿ. ದೂರದಿಂದ ತರಿಸಿದರೆ ಲಾರಿ ಬಾಡಿಗೆಯೇ ಹೆಚ್ಚು.

ಸುಟ್ಟ ಇಟ್ಟಿಗೆ: ಬೆಂಗಳೂರಿನ ಕಡೆಯವರಿಗೆ ಮಾಲೂರಿನ ಇಟ್ಟಿಗೆ ಗೊತ್ತೇ ಇದೆ. ಎರಡನ್ನು ಒಂದಕ್ಕೊಂದು ಬಡಿದರೆ ಠಣ್ ಎನ್ನಬೇಕು. ಉಗುರಿನಿಂದ ಗೀಚಿದರೆ ಗೆರೆ ಬೀಳಬಾರದು. ಒಂದು ಇಟ್ಟಿಗೆ ತೂಗಿ, 24 ಗಂಟೆ ನೀರಲ್ಲಿ ಮುಳುಗಿಸಿ ಮತ್ತೆ ತೂಗಿ. ತೂಕ ಶೇ 20ಕ್ಕಿಂತ ಹೆಚ್ಚಾಗಬಾರದು. ಒಣಗಿದಾಗ 3 ಕಿಲೋ ಇದ್ದದ್ದು 3.6 ಮೀರಿದರೆ ಅದು ಸರಿಯಾಗಿ ಬೆಂದಿಲ್ಲ. ಹಾಗೆಯೇ ಒಣಗಲು ಬಿಟ್ಟು ನೋಡಿ, ಮೈಮೇಲೆ ಬಿಳಿ ಉಪ್ಪು ಬಿಟ್ಟರೆ ಆ ಗೂಡಿನ ಇಟ್ಟಿಗೆ ಬೇಡ. ಬಣ್ಣ ಎಷ್ಟು ಸಲ ಹೊಡೆದರೂ ಆ ಉಪ್ಪು ಹೊರಗೆ ಬರುತ್ತದೆ.

ಸಾಲಿಡ್ ಬ್ಲಾಕು: ಇವತ್ತು ನಗರಗಳಲ್ಲಿ ಹೆಚ್ಚು ಓಡುವುದು ಇದೇ. 16x8 ಇಂಚಿನ ಕಾಂಕ್ರೀಟ್ ಬ್ಲಾಕು, ದಪ್ಪ 4, 6, 8 ಇಂಚು. ಹೊರಗೋಡೆಗೆ 6 ಅಥವಾ 8, ಒಳಗೋಡೆಗೆ 4. ಇದರಲ್ಲಿ ಕೇಳಬೇಕಾದ ಪ್ರಶ್ನೆ ‘ಯಾವತ್ತು ಅಚ್ಚು ಹಾಕಿದ್ದು?’ ಎಂಬುದು. ಹಸಿ ಬ್ಲಾಕು ಒಣಗುತ್ತಾ ಕುಗ್ಗುತ್ತದೆ. ನಿನ್ನೆ ಮೊನ್ನೆ ಹಾಕಿದ್ದನ್ನು ಕಟ್ಟಿ ಪ್ಲಾಸ್ಟರ್ ಮಾಡಿದರೆ ಆರು ತಿಂಗಳಲ್ಲಿ ಮೆಟ್ಟಿಲಿನಂತೆ ಬಿರುಕು ಕಾಣುತ್ತದೆ. ಎರಡು ವಾರ ನೀರು ಕುಡಿದು, ನಾಲ್ಕು ವಾರ ಒಣಗಿದ ಬ್ಲಾಕು ಬೇಕು. ಬೀಗದ ಕೈಯಿಂದ ಅಂಚು ಕೆರೆದರೆ ಪುಡಿ ಉದುರಬಾರದು.

ಎಎಸಿ ಬ್ಲಾಕು: ಒಳಗೆ ಗಾಳಿಗುಳ್ಳೆ ತುಂಬಿದ ಹಗುರ ಬ್ಲಾಕು ಇದು. ತೂಕ ಸಾಲಿಡ್ ಬ್ಲಾಕಿನ ಮೂರನೇ ಒಂದು ಭಾಗದಷ್ಟು, ಶಾಖವೂ ಕಡಿಮೆ ಒಳಗೆ ಬರುತ್ತದೆ. ಕಾಲಂ ಬೀಮಿನ ಮನೆಗೆ ಚೆಂದ. ಆದರೆ ಮಾಮೂಲಿ ಗಾರೆಯಲ್ಲಿ ಕಟ್ಟಬೇಡಿ, ಬ್ಲಾಕು ಅದರ ನೀರನ್ನೆಲ್ಲ ಹೀರಿಬಿಡುತ್ತದೆ. ಅದಕ್ಕೇ ಇರುವ ಅಂಟು ಗಾರೆಯನ್ನು 3 ಎಂಎಂ ಪದರದಲ್ಲಿ ಹಾಕಬೇಕು. ಕಾಲಂ ಮತ್ತು ಬ್ಲಾಕು ಸೇರುವ ಕಡೆ ಕೋಳಿ ಮೆಷ್ ಹೊಡೆದು ಪ್ಲಾಸ್ಟರ್ ಮಾಡಿಸಿ. ಈ ಕೆಲಸ ಗೊತ್ತಿರುವ ಮೇಸ್ತ್ರಿ ಸಿಗದಿದ್ದರೆ ಎಎಸಿ ಆಸೆ ಬಿಡಿ.

ಮಣ್ಣಿನ ಬ್ಲಾಕು: ನನಗೆ ಬಹಳ ಇಷ್ಟವಾದದ್ದು ಇದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ಇದರ ಮೇಲೆ ದಶಕಗಟ್ಟಲೆ ಕೆಲಸ ಮಾಡಿತು. ಪಾಯ ತೋಡಿದ ಮಣ್ಣಿಗೇ ಮರಳು, ಶೇ 7–8ರಷ್ಟು ಸಿಮೆಂಟು ಸೇರಿಸಿ, ಯಂತ್ರದಲ್ಲಿ ಒತ್ತಿ, ಸೈಟಿನಲ್ಲೇ ಬ್ಲಾಕು ಮಾಡಬಹುದು. ಗೂಡು ಬೇಡ, ಸೌದೆ ಬೇಡ. ಚೆನ್ನಾಗಿ ಕಟ್ಟಿದರೆ ಪ್ಲಾಸ್ಟರೂ ಬೇಡ. ಆದರೆ ಕಪ್ಪು ಎರೆ ಮಣ್ಣು ಇದಕ್ಕೆ ಹೊಂದುವುದಿಲ್ಲ, ಅದು ಹಿಗ್ಗಿ ಕುಗ್ಗುತ್ತದೆ. ಬಾಟಲಿ ಪರೀಕ್ಷೆಯಲ್ಲಿ ಮರಳಿನ ಪಾಲು ಹೆಚ್ಚು ಬಂದ ಕೆಂಪು ಮಣ್ಣು ಬೇಕು. ಬ್ಲಾಕುಗಳಿಗೆ ಮೂರು ವಾರ ನೆರಳಲ್ಲಿ ನೀರು ಕುಡಿಸಬೇಕು. ಮಾಡಿನ ಚಾಚು ಎರಡಡಿಯಾದರೂ ಇರಲಿ.

ಕೆಂಪು ಕಲ್ಲು: ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದವರಿಗೆ ಇದನ್ನು ಬಿಟ್ಟು ಬೇರೆ ಹುಡುಕುವ ಅಗತ್ಯ ಕಡಿಮೆ. ನೆಲದಿಂದ ಕಡಿದಾಗ ಮೆತ್ತಗಿದ್ದು ಗಾಳಿಗೆ ಬಿಟ್ಟಂತೆ ಗಟ್ಟಿಯಾಗುವ ಕಲ್ಲು ಇದು. ಹಾಗಾಗಿ ಹೊಸದಾಗಿ ಕಡಿದದ್ದಕ್ಕಿಂತ ಕೆಲಕಾಲ ಬಯಲಲ್ಲಿ ಇದ್ದ ಕಲ್ಲು ಕೇಳಿ. ಮೈಯಲ್ಲಿ ಬಿಳಿ ಜೇಡಿಯ ತೇಪೆ ಜಾಸ್ತಿ ಇರುವ ಕಲ್ಲು ತೆಗೆದಿಡಿ.

ಹಂತ 6: ಪೈಪು, ವೈರು

ಬಿಸಿನೀರಿಗೆ ಸಿಪಿವಿಸಿ, ತಣ್ಣೀರಿಗೆ ಯುಪಿವಿಸಿ. ಎರಡಕ್ಕೂ ಅಂಟು ಬೇರೆ ಬೇರೆ, ಒಂದೇ ಡಬ್ಬಿಯಲ್ಲಿ ಎರಡನ್ನೂ ಅಂಟಿಸಲು ಬಿಡಬೇಡಿ. ಗೋಡೆ ಮುಚ್ಚುವ ಮೊದಲು ನೀರು ತುಂಬಿ ಒತ್ತಡ ಹಾಕಿ ಒಂದು ರಾತ್ರಿ ಬಿಡಿಸಿ.

ವೈರಿಗೆ ಬೆಂಕಿ ಹರಡದ, ಹೊಗೆ ಕಡಿಮೆ ಬಿಡುವ ಎಫ್‌ಆರ್‌ಎಲ್‌ಎಸ್ ಕೇಳಿ. ದೀಪ, ಫ್ಯಾನಿಗೆ 1.5 ಚದರ ಎಂಎಂ, 16 ಆಂಪಿಯರ್ ಪ್ಲಗ್ಗಿಗೆ 2.5, ಗೀಸರ್, ಎಸಿಗೆ 4. ಮೀಟರ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಕ್ಷಣ ಕಡಿಯುವ ಸ್ವಿಚ್ಚು, ಇರಲೇಬೇಕು. ಒದ್ದೆ ಕೈಯಲ್ಲಿ ಶಾಕ್ ಹೊಡೆದಾಗ ಜೀವ ಉಳಿಸುವುದು ಓವರ್‌ಲೋಡಿಗೆ ಬೀಳುವ ಎಂಸಿಬಿ ಅಲ್ಲ, ಇದು.

ಹಂತ 7: ನೆಲ, ಮರ, ಬಣ್ಣ

ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದು ಶೇ 0.5ಕ್ಕಿಂತ ಕಡಿಮೆ. ಗೋಡೆಯ ಸೆರಾಮಿಕ್ ಟೈಲ್ಸ್ ಇದಕ್ಕಿಂತ ಬಹಳ ಜಾಸ್ತಿ ಹೀರುತ್ತದೆ, ಅದನ್ನು ನೆಲಕ್ಕೆ ಹಾಕಬೇಡಿ. ಬಾತ್‌ರೂಮಿಗೆ ಹೊಳಪಿನದು ಬೇಡ. ಅಂಗಡಿಯಲ್ಲೇ ಟೈಲ್ಸ್ ಮೇಲೆ ನೀರು ಚೆಲ್ಲಿ ಬರಿಗಾಲಲ್ಲಿ ಉಜ್ಜಿ ನೋಡಿ. ಡಬ್ಬದ ಮೇಲೆ ಬ್ಯಾಚ್ ಮತ್ತು ಶೇಡ್ ನಂಬರ್ ಒಂದೇ ಇರಲಿ. ಶೇ 10 ಜಾಸ್ತಿ ತಂದು, ಉಳಿದದ್ದನ್ನು ಅಟ್ಟದ ಮೇಲಿಡಿ. ಐದು ವರ್ಷದ ಮೇಲೆ ಆ ಡಿಸೈನು ಸಿಗುವುದಿಲ್ಲ.

ಶಹಾಬಾದ್ ಕಲ್ಲು, ಕಡಪ ಕಲ್ಲು ಬೇಸಿಗೆಯಲ್ಲಿ ತಂಪು, ದರವೂ ಕೈಗೆಟುಕುವಂಥದ್ದು. ಆದರೆ ಇವು ಸುಣ್ಣದ ಕಲ್ಲುಗಳು. ನಿಂಬೆ, ಹುಣಸೆ, ಬಾತ್‌ರೂಮ್ ತೊಳೆಯುವ ಆ್ಯಸಿಡ್ ತಾಗಿದರೆ ಮೈ ತಿನ್ನುತ್ತದೆ. ಅಡುಗೆ ಕಟ್ಟೆಗೆ ಗ್ರಾನೈಟೇ ಸರಿ. ಮಾರುವವರು ಗ್ರಾನೈಟ್ ಎಂದದ್ದು ನಿಜವೋ ಎಂದು ನೋಡಲು ಅಂಚಿಗೆ ಎರಡು ಹನಿ ನಿಂಬೆರಸ ಬಿಟ್ಟು ಕಾಯಿರಿ. ನೊರೆ ಬಂದರೆ, ಹೊಳಪು ಮಂಕಾದರೆ ಅದು ಗ್ರಾನೈಟ್ ಅಲ್ಲ. ಮೆಟ್ಟಿಲಿಗೆ, ಅಂಗಳಕ್ಕೆ ಸಾದರಹಳ್ಳಿ ಕಲ್ಲನ್ನು ಪಾಲಿಶ್ ಇಲ್ಲದೆ ಹಾಕಿಸಿ, ಮಳೆಯಲ್ಲಿ ಜಾರುವುದಿಲ್ಲ. ರೆಡ್ ಆಕ್ಸೈಡ್ ನೆಲ ಬೇಕೆನ್ನುವವರು ಸಾಮಗ್ರಿಗಿಂತ ಮೊದಲು ಮೇಸ್ತ್ರಿಯನ್ನು ಹುಡುಕಿ. ಅವರು ಮೊದಲೇ ಮಾಡಿದ ನೆಲವನ್ನು ಹೋಗಿ ನೋಡಿ ಬನ್ನಿ.

ಬಾಗಿಲ ವಾಸ್ಕಾಲಿಗೆ ತೇಗ, ಹೊನ್ನೆ, ಹಲಸು ಯಾವುದಾದರೂ ಸರಿ, ಒಣಗಿರಬೇಕು ಅಷ್ಟೇ. ಹಸಿ ಮರ ಮೊದಲ ಬೇಸಿಗೆಯಲ್ಲೇ ತಿರುಚುತ್ತದೆ. ಸಿಂಕಿನ ಕೆಳಗಿನ ಕಪಾಟಿಗೆ ನೀರು ತಡೆಯುವ ಐಎಸ್ 710 ಗುರುತಿನ ಪ್ಲೈವುಡ್, ಬಟ್ಟೆ ಬೀರುವಿಗೆ ಐಎಸ್ 303 ಸಾಕು.

ಬಣ್ಣದ ಬಗ್ಗೆ ಒಂದೇ ಮಾತು: ಗೋಡೆ ಒಣಗುವವರೆಗೆ ಪುಟ್ಟಿ ಹಚ್ಚಬೇಡಿ. ಗೃಹಪ್ರವೇಶದ ಮುಹೂರ್ತ ಹತ್ತಿರ ಬಂತೆಂದು ಹಸಿ ಗೋಡೆಗೆ ಹಚ್ಚಿದರೆ ಮೊದಲ ಮಳೆಗಾಲಕ್ಕೇ ಗುಳ್ಳೆ ಏಳುತ್ತದೆ.

ಹಂತ 8: ಹಳೇ ಮನೆ ರಿಪೇರಿ ಆದರೆ

ಮಣ್ಣಿನ ಗೋಡೆ, ಸುಣ್ಣದ ಗಾರೆಯ ಮನೆಗೆ ಸಿಮೆಂಟ್ ಪ್ಲಾಸ್ಟರ್ ಬಳಿಯುವುದು ಅತಿ ಸಾಮಾನ್ಯ ತಪ್ಪು. ಹಳೇ ಗೋಡೆ ನೆಲದಿಂದ ತೇವ ಹೀರುತ್ತದೆ, ಸುಣ್ಣದ ಮೂಲಕ ಅದನ್ನು ಹೊರಗೆ ಬಿಡುತ್ತದೆ. ಸಿಮೆಂಟು ಆ ದಾರಿಯನ್ನು ಮುಚ್ಚುತ್ತದೆ. ತೇವ ಒಳಗೇ ಉಳಿದು ಮಣ್ಣು ಮೆತ್ತಗಾಗುತ್ತದೆ, ಕೆಲವೇ ವರ್ಷದಲ್ಲಿ ಪ್ಲಾಸ್ಟರ್ ಹಪ್ಪಳದಂತೆ ಎದ್ದು ಬರುತ್ತದೆ. ಇಲ್ಲಿ ಸುಣ್ಣದ ಗಾರೆಯೇ ಬೇಕು. ಸುಣ್ಣವನ್ನು ನೀರಲ್ಲಿ ಅರಳಿಸಿ ಎರಡು ವಾರವಾದರೂ ನೆನೆಸಿಟ್ಟು ಬಳಸಿ. ಬಣ್ಣವೂ ಪ್ಲಾಸ್ಟಿಕ್ ಪೇಂಟ್ ಆಗದೆ ಸುಣ್ಣದ್ದೇ ಆಗಿರಲಿ.

ಮಂಗಳೂರು ಹೆಂಚಿನ ಮಾಡನ್ನು ಕಿತ್ತು ಶೀಟ್ ಹಾಕಿಸುವ ಮೊದಲು ಯೋಚಿಸಿ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಹೆಂಚು ದೇಶದ ಉದ್ದಗಲಕ್ಕೆ ಹೋಯಿತು. ನಮ್ಮ ಮಳೆಗೂ ಬಿಸಿಲಿಗೂ ಒಗ್ಗಿದ ವಸ್ತು ಇದು. ಸೋರುತ್ತಿದ್ದರೆ ಹೆಚ್ಚಿನ ಸಲ ಕಾರಣ ಒಡೆದ ಹತ್ತಿಪ್ಪತ್ತು ಹೆಂಚು ಅಥವಾ ಬಾಗಿದ ರೀಪು. ಹೆಂಚು ಇಳಿಸಿ, ಬ್ರಷ್‌ನಿಂದ ತೊಳೆದು, ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಸದ್ದು ಸ್ವಚ್ಛವಾಗಿದ್ದರೆ ಮತ್ತೆ ಏರಿಸಬಹುದು, ಬಿರುಕು ಇದ್ದರೆ ಒಡಕು ಸದ್ದು ಬರುತ್ತದೆ. ಹಳೇ ತೊಲೆ, ಪಕ್ಕಾಸಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ, ಗೋಡೆಯಲ್ಲಿ ಹುದುಗಿದ ತುದಿಯಲ್ಲಿ ಮುಖ್ಯವಾಗಿ. ಗೆದ್ದಲು ಹಿಡಿಯುವುದು ಅಲ್ಲೇ. ಗಟ್ಟಿ ಇದ್ದರೆ ಉಳಿಸಿಕೊಳ್ಳಿ, ಅಂಥ ಮರ ಇವತ್ತು ಅಂಗಡಿಯಲ್ಲಿ ಸಿಗುವುದು ಕಷ್ಟ.

ತಾರಸಿ ಸೋರಿದರೆ ನೇರ ವಾಟರ್‌ಪ್ರೂಫಿಂಗ್ ಡಬ್ಬ ತರಬೇಡಿ. ಒಣಗಿದ ದಿನ ತಾರಸಿಯನ್ನು ಭಾಗ ಮಾಡಿ ಮಣ್ಣಿನ ಕಟ್ಟೆ ಕಟ್ಟಿ, ಒಂದೊಂದು ಭಾಗದಲ್ಲಿ ಒಂದೊಂದು ದಿನ ನೀರು ನಿಲ್ಲಿಸಿ ನೋಡಿ. ಬಹಳ ಸಲ ತಪ್ಪು ಇರುವುದು ಮಳೆನೀರಿನ ಪೈಪಿನ ಬಾಯಲ್ಲಿ ಅಥವಾ ಪ್ಯಾರಪೆಟ್ ಸೇರುವ ಮೂಲೆಯಲ್ಲಿ.

ಮೇಲೊಂದು ಮಹಡಿ ಏರಿಸಬೇಕೆಂದರೆ ಮೊದಲು ಎಂಜಿನಿಯರ್ ಪಾಯ ತೋಡಿಸಿ ನೋಡಲಿ. ಆಮೇಲೆ ಹಗುರ ಗೋಡೆಯ ಲೆಕ್ಕ ಹಾಕಿ. ಎಎಸಿ ಬ್ಲಾಕಿನ ದರ ಇಲ್ಲಿ ನಿಜಕ್ಕೂ ತಕ್ಕದ್ದು.

ಹಂತ 9: ಲಾರಿ ಗೇಟಿಗೆ ಬಂದಾಗ

ಸಾಮಾನು ಇಳಿಸುವ ಮೊದಲು ಬಿಲ್ಲು, ಗ್ರೇಡು, ತಾರೀಖು ನೋಡಿ. ಇಳಿದ ಮೇಲೆ ವಾದ ಮಾಡಿ ಪ್ರಯೋಜನ ಕಡಿಮೆ. ಐಎಸ್‌ಐ ಗುರುತಿನ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಯಾವ ಕಂಪನಿ, ಯಾವ ವಸ್ತು ಎಂದು ತೋರಿಸುತ್ತದೆ. ಕಂಬಿಯ ಲಾರಿಯನ್ನು ನೀವೇ ಆರಿಸಿದ ವೇ ಬ್ರಿಡ್ಜಿನಲ್ಲಿ ತುಂಬಿದಾಗ ಒಮ್ಮೆ, ಖಾಲಿಯಾದಾಗ ಒಮ್ಮೆ ತೂಗಿಸಿ. ಮರಳಿನ ಲಾರಿಯ ಒಳ ಉದ್ದ, ಅಗಲ, ಎತ್ತರವನ್ನು ಟೇಪಿನಲ್ಲಿ ಅಳೆದು ಘನ ಅಡಿ ಲೆಕ್ಕ ಹಾಕಿ. ‘ಒಂದು ಲೋಡು’ ಎಂಬುದು ಅಳತೆ ಅಲ್ಲ.

ಪ್ಲಾಸ್ಟರ್ ಮಾಡುವ ಹಿಂದಿನ ದಿನ ಪ್ರತಿ ಗೋಡೆಯ ಮೇಲೂ ಟೇಪು ಹಿಡಿಸಿ ಫೋಟೊ ತೆಗೆದಿಡಿ. ಪೈಪು, ವೈರು ನೆಲದಿಂದ ಎಷ್ಟು ಎತ್ತರದಲ್ಲಿ, ಮೂಲೆಯಿಂದ ಎಷ್ಟು ದೂರದಲ್ಲಿ ಹೋಗಿದೆ ಎಂದು ಕಾಣಬೇಕು. ಫೋಟೊ, ಬಿಲ್ಲು, ಟೈಲ್ಸ್ ಬ್ಯಾಚ್ ನಂಬರ್, ಬಣ್ಣದ ಕೋಡ್ ಎಲ್ಲವನ್ನೂ ನಕ್ಷೆಯ ಜೊತೆ ಒಂದೇ ಫೈಲಿನಲ್ಲಿ ಹಾಕಿಡಿ. ಮುಂದೆ ಗೋಡೆಗೆ ಡ್ರಿಲ್ ಹಿಡಿಯುವ ಮೊದಲು ಆ ಫೈಲು ತೆಗೆಯಿರಿ.